ಒಂದೇ ಹಾಲ್‌ನಲ್ಲಿ 1.6 ಮತ್ತು ಸಿಎಸ್ 2: ಹಾಸನದ ಒಂದು ದೀಪಾವಳಿ ಪಂದ್ಯಾವಳಿಯ ಪ್ರಕರಣ ಅಧ್ಯಯನ

ಹಾಸನದ ಸಾಲಗಾಮೆ ರಸ್ತೆಯಲ್ಲಿ, ಜೆರಾಕ್ಸ್ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ, ಹತ್ತು ಸಿಸ್ಟಂಗಳ ಒಂದು ಗೇಮಿಂಗ್ ಸೆಂಟರ್ ಇದೆ. ಅದನ್ನು ನಡೆಸುವವನು ನನ್ನ ಚಿಕ್ಕಪ್ಪನ ಮಗ; ಸರ್ವರ್, ಸ್ವಿಚ್, ಕೇಬಲ್‌ಗಳಲ್ಲಿ ಏನಾದರೂ ಕೆಟ್ಟರೆ ನೋಡಿಕೊಳ್ಳುವವನು ನಾನು. ಐವರ ಎರಡು ತಂಡಗಳು ಬಂದೂಕು ಹಿಡಿದು ಸೆಣಸುವ ಕಂಪ್ಯೂಟರ್ ಆಟ ಕೌಂಟರ್-ಸ್ಟ್ರೈಕ್. 2024ರ ದೀಪಾವಳಿಯಲ್ಲಿ ಅಲ್ಲಿ ನಡೆದ ಅದರ ಪಂದ್ಯಾವಳಿಗೆ ನಿಯಮ ರೂಪಿಸುವ ಕೆಲಸ ನನ್ನ ಪಾಲಿಗೆ ಬಂತು. ಆ ನಿಯಮಗಳನ್ನು ನಾವು ಮೂರು ಸಲ ಬರೆದೆವು; ಮೊದಲ ಎರಡು ಸಲ ಕೆಟ್ಟವು. ಆ ಮೂರೂ ಪ್ರಯತ್ನಗಳ ದಾಖಲೆ ಇದು. ನಾನು ಆ ಆಟದ ಹಳೆಯ ಆವೃತ್ತಿಯಾದ 1.6 ಆಡಿಕೊಂಡು ಬೆಳೆದವನು ಎಂಬುದನ್ನು ಮೊದಲೇ ಹೇಳಿಬಿಡುವುದು ನ್ಯಾಯ, ಏಕೆಂದರೆ ಮೊದಲ ತಪ್ಪಿನ ಬಹುಪಾಲು ಅದರಿಂದಲೇ ಹುಟ್ಟಿತು.

ಸೆಂಟರಿಗೆ ಬರುವವರಲ್ಲಿ ಎರಡು ಗುಂಪುಗಳಿದ್ದವು. ಇಲ್ಲಿಯೇ ಎಂಜಿನಿಯರಿಂಗ್ ಓದಿ, ಹಾಸ್ಟೆಲ್ಲಿನ ಲ್ಯಾನ್‌ನಲ್ಲಿ ರಾತ್ರಿಗಳನ್ನು ಕಳೆದು, ಈಗ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಲೋ ಸಕಲೇಶಪುರದ ಕಡೆ ತೋಟ ನೋಡಿಕೊಳ್ಳುತ್ತಲೋ ಇರುವ ಹಿರಿಯರದು ಒಂದು ಗುಂಪು. ಅವರು ಹಬ್ಬಕ್ಕೆ, ಮದುವೆಗೆ, ಹಾಸನಾಂಬೆಯ ಬಾಗಿಲು ತೆರೆದಾಗ ಊರಿಗೆ ಬರುವವರು. ಈಗ ಓದುತ್ತಿರುವ ಹುಡುಗರದು ಇನ್ನೊಂದು. ಸಂಜೆ ಕಾಲೇಜು ಬಿಟ್ಟ ಮೇಲೆ ದಿನನಿತ್ಯ ಬಂದು ಗಂಟೆಗೆ ಇಷ್ಟೆಂದು ಹಣ ಕೊಟ್ಟು ಸೆಂಟರನ್ನು ನಡೆಸುವವರು ವಾಸ್ತವದಲ್ಲಿ ಇವರೇ. 2023ರ ಸೆಪ್ಟೆಂಬರ್ 27ರಂದು ಸರಣಿಯ ಹೊಸ ಆಟ ಕೌಂಟರ್-ಸ್ಟ್ರೈಕ್ 2, ಅಂದರೆ ಸಿಎಸ್ 2, ಬಿಡುಗಡೆಯಾಯಿತು. ಅದಕ್ಕೆ ಬೇಕಾದ 85 ಜಿಬಿ ಜಾಗ ಹೊಂದಿಸುವ ಭರದಲ್ಲಿ ನನ್ನ ತಮ್ಮ ಹತ್ತೂ ಸಿಸ್ಟಂಗಳಿಂದ 1.6 ಅನ್ನು ಅಳಿಸಿಹಾಕಿದ. 500 ಮೆಗಾಹರ್ಟ್ಸ್ ಪ್ರೊಸೆಸರ್ ಮತ್ತು 96 ಎಂಬಿ ರ್‍ಯಾಮ್ ಇದ್ದರೆ ಸಾಕು ಎನ್ನುವ ಆಟ ಅದು. ಅದನ್ನು ಅಳಿಸಿದ್ದರಿಂದ ಉಳಿದ ಜಾಗ ಲೆಕ್ಕಕ್ಕೇ ಬರುವಂತಿರಲಿಲ್ಲ. ಆದರೆ ಹಿರಿಯರ ಮನಸ್ಸಿಗೆ ನಾಟಿದ್ದು ಜಾಗದ ವಿಷಯವಲ್ಲ. ಮುಂದಿನ ಸಲ ಬಂದವರೊಬ್ಬರು ಪರದೆಯ ಮೇಲೆ ಐಕಾನ್ ಹುಡುಕಿ, ಸಿಗದೆ, ಏನೂ ಹೇಳದೆ ಎದ್ದು ಹೋದರು.

ವರ್ಷ ಕಳೆದು ದೀಪಾವಳಿ ಹತ್ತಿರ ಬಂದಾಗ ಹಿರಿಯರು ಪಂದ್ಯಾವಳಿಯೊಂದನ್ನು ಕೇಳಿದರು. ಬಹುಮಾನದ ಹಣವನ್ನು ತಾವೇ ಹಾಕುತ್ತೇವೆ, ಆದರೆ ಹಳೆಯ ಆಟವೇ ಆಗಬೇಕು ಎಂದರು. ಹುಡುಗರು ಬಿಲ್‌ಕುಲ್ ಒಪ್ಪಲಿಲ್ಲ. ಹತ್ತೇ ಸಿಸ್ಟಂ, ಎರಡೇ ದಿನ, ಒಂದೇ ಬಹುಮಾನ ಎಂಬ ಪರಿಸ್ಥಿತಿಯಲ್ಲಿ ಎರಡು ಪ್ರತ್ಯೇಕ ಪಂದ್ಯಾವಳಿಗಳನ್ನು ನಡೆಸುವಂತಿರಲಿಲ್ಲ.

ಮೊದಲ ಪ್ರಯತ್ನ: ಹೊಸ ಆಟಕ್ಕೆ ಹಳೆಯ ನಿಯಮ

ನನಗೆ ಮೊದಲು ಹೊಳೆದದ್ದು ಬಹಳ ಜನರಿಗೆ ಹೊಳೆಯುವ ಉಪಾಯವೇ: ಆಡುವುದು ಸಿಎಸ್ 2, ಆದರೆ ಸರ್ವರಿನಲ್ಲಿ ಹಳೆಯ ಕಾಲದ ನಿಯಮ. ಸಿಎಸ್ 2ರ ಸ್ಪರ್ಧಾತ್ಮಕ ಪಂದ್ಯದಲ್ಲಿ 24 ಸುತ್ತುಗಳಿರುತ್ತವೆ, 13 ಗೆದ್ದವರು ಪಂದ್ಯ ಗೆಲ್ಲುತ್ತಾರೆ. ನಾನು ಅದನ್ನು 30 ಸುತ್ತು, 16ಕ್ಕೆ ಗೆಲುವು ಎಂದು ಬದಲಿಸಿದೆ. ಬಾಂಬ್ ಸಿಡಿಯುವ ಅವಧಿಯನ್ನು 40 ಸೆಕೆಂಡಿನಿಂದ, 1.6 ಪಂದ್ಯಾವಳಿಗಳಲ್ಲಿ ರೂಢಿಯಲ್ಲಿದ್ದ 35ಕ್ಕೆ ಇಳಿಸಿದೆ. 1.6ರಲ್ಲಿ ಇಲ್ಲದ ಮೊಲೊಟಾವ್ ಮತ್ತು ಇನ್ಸೆಂಡಿಯರಿಯನ್ನು, ಅಂದರೆ ನೆಲಕ್ಕೆ ಬೆಂಕಿ ಹಚ್ಚುವ ಎರಡೂ ಗ್ರೆನೇಡುಗಳನ್ನು, ಖರೀದಿಯಿಂದ ತೆಗೆದುಹಾಕಿದೆ. ಒಂದನ್ನು ಮಾತ್ರ ಬದಲಿಸಲು ಸುಲಭದ ದಾರಿ ಕಾಣದೆ ಬಿಟ್ಟೆ: ಎದುರಾಳಿಯನ್ನು ಕೊಂದಾಗ ಸಿಗುವ, ಮುಂದಿನ ಸುತ್ತುಗಳಲ್ಲಿ ಬಂದೂಕು ಕೊಳ್ಳಲು ಬಳಸುವ ಆಟದೊಳಗಿನ ಹಣ. 1.6ರಲ್ಲಿ ಯಾವ ಬಂದೂಕಿನಿಂದ ಕೊಂದರೂ 300 ಡಾಲರ್. ಇದೇ ಸರಣಿಯಲ್ಲಿ 2012ರಲ್ಲಿ ಬಂದ ಗ್ಲೋಬಲ್ ಅಫೆನ್ಸಿವ್‌ನಿಂದೀಚೆಗೆ ಅದು ಬಂದೂಕಿನ ಪ್ರಕಾರ ಬದಲಾಗುತ್ತದೆ. ಎಡಬ್ಲ್ಯುಪಿ ಎಂಬ ಸ್ನೈಪರ್ ಬಂದೂಕಿಗೆ 100, ರೈಫಲ್‌ಗೆ 300, ಬಹುತೇಕ ಎಸ್‌ಎಂಜಿಗಳಿಗೆ (ಸಬ್‌ಮಷಿನ್ ಗನ್) 600, ಬಹುತೇಕ ಶಾಟ್‌ಗನ್‌ಗಳಿಗೆ 900, ಚಾಕುವಿಗೆ 1500.

ಅಕ್ಟೋಬರಿನ ಒಂದು ಭಾನುವಾರ ಡಸ್ಟ್ 2 ಎಂಬ ಮ್ಯಾಪ್‌ನಲ್ಲಿ ಹಿರಿಯರು ಮತ್ತು ಹುಡುಗರ ನಡುವೆ ಪ್ರಯೋಗದ ಪಂದ್ಯ ನಡೆಯಿತು. ಮೊದಲ ಅರ್ಧದಲ್ಲಿ ಟಿ ಕಡೆ, ಅಂದರೆ ಬಾಂಬ್ ಇಡುವ ಕಡೆ, ಆಡಿದ ಹುಡುಗರು 12–3ರಿಂದ ಮುಂದಿದ್ದರು. ಕಡೆ ಬದಲಾಯಿತು, ಈಗ ಟಿ ಕಡೆಗೆ ಬಂದ ಹಿರಿಯರು ಅಷ್ಟೇ ಅಂತರದಿಂದ ಗೆದ್ದರು. ಒಂದೂಕಾಲು ಗಂಟೆಗೂ ಹೆಚ್ಚು ಹೊತ್ತು ಆಡಿದ ಮೇಲೆ ಫಲಿತಾಂಶ 15–15. ಇದನ್ನು ಸಮಬಲ ಎಂದು ಕರೆಯಲು ನನಗೆ ಧೈರ್ಯ ಬರಲಿಲ್ಲ, ಏಕೆಂದರೆ ಅಲ್ಲಿ ಯಾವ ತಂಡವೂ ಇನ್ನೊಂದನ್ನು ಎದುರಿಸಿ ನಿಂತಿರಲಿಲ್ಲ. ಟಿ ಕಡೆ ಯಾರು ಕುಳಿತರೂ, ಬಾಂಬ್ ಇಡಬಹುದಾದ ಎ ಮತ್ತು ಬಿ ಎಂಬ ಎರಡು ಸೈಟ್‌ಗಳಲ್ಲಿ ಬಿ ಸೈಟಿಗೆ ಐವರೂ ನುಗ್ಗಿ ಬಾಂಬ್ ಇಡುವುದು, 35 ಸೆಕೆಂಡು ಹೇಗೋ ಕಾಯುವುದು, ಇಷ್ಟೇ ನಡೆದಿತ್ತು. ಸಿಟಿ ಕಡೆಯವರು, ಅಂದರೆ ಸೈಟನ್ನು ಕಾಯುವವರು, ಎ ಸೈಟಿನಿಂದ ಓಡಿ ಬರುವಷ್ಟರಲ್ಲಿ ಸಮಯ ಮುಗಿದಿರುತ್ತಿತ್ತು. ಬಾಂಬ್ ನಿಷ್ಕ್ರಿಯಗೊಳಿಸಲು ಕಿಟ್ ಇದ್ದರೆ 5 ಸೆಕೆಂಡು, ಇಲ್ಲದಿದ್ದರೆ 10 ಸೆಕೆಂಡು ಬೇಕು ಎಂಬುದು ಅಂದೂ ಇಂದೂ ಒಂದೇ; ಆದರೆ ಆ ಕಿಟ್‌ಗೆ 1.6ರಲ್ಲಿ 200 ಡಾಲರ್ ಇದ್ದದ್ದು ಈಗ 400. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ, ನಾನು ಒಂದೊಂದಾಗಿ ಹಳೆಯದಕ್ಕೆ ತಿರುಗಿಸಿದ ನಿಯಮಗಳು ತಿರುಗಿಸದೆ ಬಿಟ್ಟ ನಿಯಮಗಳೊಡನೆ ಜಗ್ಗಾಡುತ್ತಿದ್ದವು.

ಹಿರಿಯರಿಗಾದರೂ ಇದು ತೃಪ್ತಿ ಕೊಟ್ಟಿತೇ ಎಂದರೆ ಅದೂ ಇಲ್ಲ. ಸಕಲೇಶಪುರದಿಂದ ಬಂದಿದ್ದ ಒಬ್ಬರು ಎಂ4 ರೈಫಲ್ ಕೈಗೆತ್ತಿಕೊಂಡ ಪ್ರತಿ ಸಲವೂ ರೈಟ್ ಕ್ಲಿಕ್ ಒತ್ತುತ್ತಿದ್ದರು, 1.6ರಲ್ಲಿ ಹಾಗೆ ಮಾಡಿದರೆ ಬಂದೂಕಿನ ತುದಿಗೆ ಸೈಲೆನ್ಸರ್ ತಿರುಗಿಸಿ ಹಾಕುವ ದೃಶ್ಯ ಬರುತ್ತದೆ. ಅವರು ಖರೀದಿಸಿದ್ದ ಎಂ4ಎ4ಗೆ ಸೈಲೆನ್ಸರೇ ಇಲ್ಲ. ಮೂವತ್ತು ಸುತ್ತು ಮುಗಿದರೂ ಅವರ ಬೆರಳು ಆ ಅಭ್ಯಾಸ ಬಿಡಲಿಲ್ಲ. ಅವರು ಕಳೆದುಕೊಂಡೆವೆಂದು ಹೇಳುತ್ತಿದ್ದ ಹಳೆಯ ಆಟ ನಿಯಮಪಟ್ಟಿಯಲ್ಲಿ ಇರಲೇ ಇಲ್ಲ, ಆ ಬೆರಳಿನಲ್ಲಿತ್ತು. ಅದನ್ನು ಸರ್ವರಿನ ಯಾವ ಆಜ್ಞೆಯೂ ತಂದುಕೊಡಲಾರದು. ಸೋತಾಗಲೆಲ್ಲ ನಿಯಮವನ್ನು ದೂರುತ್ತಿದ್ದ ನಮ್ಮನ್ನು ನೋಡಿ ಹುಡುಗನೊಬ್ಬ, ಕುಣಿಯಲಾರದವಳಿಗೆ ನೆಲ ಡೊಂಕು ಎಂದು ಪಕ್ಕದವನಿಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು.

ಸರಣಿಯ ಚರಿತ್ರೆ ಹೇಳುವುದೇನು

ಪ್ರಯೋಗ ಕೆಟ್ಟ ಮೇಲೆ, ಇದೇ ಸಮಸ್ಯೆಯನ್ನು ಆಟ ತಯಾರಿಸಿದವರೇ ಹೇಗೆ ನಿಭಾಯಿಸಿದ್ದಾರೆ ಎಂದು ನೋಡುವ ಬುದ್ಧಿ ನನಗೆ ಬಂತು. ಮಿನ್ ಲೀ ಮತ್ತು ಜೆಸ್ ಕ್ಲಿಫ್ 1999ರಲ್ಲಿ ಹಾಫ್-ಲೈಫ್ ಆಟದ ಮಾಡ್ ಆಗಿ, ಅಂದರೆ ಆ ಆಟವನ್ನು ಮಾರ್ಪಡಿಸಿ, ಆರಂಭಿಸಿದ ಕೌಂಟರ್-ಸ್ಟ್ರೈಕ್ 2000ದಲ್ಲಿ ವಾಲ್ವ್ ಕಂಪನಿಯ ಅಧಿಕೃತ ಆಟವಾಗಿ ಹೊರಬಂತು. 2003ರಲ್ಲಿ 1.6 ಬಂತು. 2004ರಲ್ಲಿ ಕೌಂಟರ್-ಸ್ಟ್ರೈಕ್: ಸೋರ್ಸ್ ಬಂದಾಗ ಆಟಗಾರರು ಎರಡು ಪಾಳೆಯವಾದರು, 1.6ರವರು ಕದಲಲಿಲ್ಲ, ಸೋರ್ಸ್‌ನವರು ಹಿಂತಿರುಗಲಿಲ್ಲ, ಹಲವು ವರ್ಷ ಎರಡೂ ಪಕ್ಕಪಕ್ಕದಲ್ಲೇ ಬದುಕಿದವು. ನಮ್ಮ ಹಾಸ್ಟೆಲ್ಲಿನಲ್ಲಂತೂ ಸೋರ್ಸ್ ಓಡಿಸುವಷ್ಟು ಶಕ್ತಿಯ ಸಿಸ್ಟಂ ಒಂದೋ ಎರಡೋ ಇದ್ದವು, ಆದ್ದರಿಂದ ನಮ್ಮ ನಿಷ್ಠೆಯಲ್ಲಿ ತತ್ವಕ್ಕಿಂತ ಗ್ರಾಫಿಕ್ಸ್ ಕಾರ್ಡಿನ ಪಾತ್ರ ಹೆಚ್ಚು. ಆಗ ಆಟದ ಪ್ರತಿ ಎಲ್ಲಿಂದ ಬಂತೆಂದು ಯಾರೂ ಕೇಳುತ್ತಿರಲಿಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು.

2012ರ ಗ್ಲೋಬಲ್ ಅಫೆನ್ಸಿವ್‌ನಲ್ಲಿ ವಾಲ್ವ್ ಮಾಡಿದ ವ್ಯವಸ್ಥೆ ಈ ಪ್ರಕರಣಕ್ಕೆ ನೇರವಾಗಿ ಸಂಬಂಧಿಸಿದ್ದು. ಬಾಂಬ್ ಮತ್ತು ಒತ್ತೆಯಾಳುಗಳ ಮೂಲ ಆಟಕ್ಕೆ ಮೆನುವಿನಲ್ಲಿಯೇ ಕ್ಲಾಸಿಕ್ ಎಂದು ಹೆಸರಿಟ್ಟು, ಅದರೊಳಗೆ ಕ್ಯಾಶುಯಲ್ ಮತ್ತು ಕಾಂಪಿಟಿಟಿವ್ ಎಂದು ಎರಡು ಮಾಡಿ, ಹೊಸ ಮೋಡ್‌ಗಳಾದ ಆರ್ಮ್ಸ್ ರೇಸ್ ಮತ್ತು ಡೆಮೊಲಿಷನ್‌ಗಳನ್ನು ಅದರ ಪಕ್ಕದಲ್ಲಿ ಬೇರೆಯಾಗಿ ಇಟ್ಟರು. ಹೊಸದನ್ನು ಹಳೆಯದರೊಳಗೆ ಕಲಸಲಿಲ್ಲ. 2018ರ ಡಿಸೆಂಬರಿನಲ್ಲಿ ಆಟ ಉಚಿತವಾದಾಗ ಬಂದ ಡೇಂಜರ್ ಝೋನ್ ಕೂಡ ಹಾಗೆಯೇ ಪಕ್ಕದ ಕೋಣೆಯಲ್ಲಿತ್ತು. ಸಿಎಸ್ 2 ಬಂದಾಗ ಈ ಮೂರು ಪಕ್ಕದ ಮೋಡ್‌ಗಳೂ ಇರಲಿಲ್ಲ. ಆರ್ಮ್ಸ್ ರೇಸ್ ಮಾತ್ರ 2024ರ ಫೆಬ್ರವರಿಯಲ್ಲಿ ಮರಳಿತು. ಮೂಲ ಆಟದ ಒಳಗೆ ಬದಲಾವಣೆಗಳು ಆಗಿಯೇ ಇಲ್ಲವೆಂದಲ್ಲ, ಆದರೆ ಅವು ಒಂದಕ್ಕೊಂದು ಆತುಕೊಂಡು ಬಂದಿವೆ. ಸತತವಾಗಿ ಸೋತ ತಂಡಕ್ಕೆ ಸಿಗುವ ಪರಿಹಾರದ ಹಣ ಸಿಎಸ್ 2ರಲ್ಲಿ 1400ರಿಂದ 500ರಂತೆ ಏರಿ 3400ಕ್ಕೆ ನಿಲ್ಲುತ್ತದೆ, 1.6ರಲ್ಲಿ ಒಂದು ಸುತ್ತು ಗೆದ್ದೊಡನೆ ಅದು ಮತ್ತೆ ಮೊದಲಿಗೆ ಬೀಳುತ್ತಿತ್ತು, ಈಗ ಒಂದೊಂದೇ ಮೆಟ್ಟಿಲು ಇಳಿಯುತ್ತದೆ. ಸುತ್ತುಗಳನ್ನು 24ಕ್ಕೆ ಇಳಿಸಿದಾಗ ಎರಡು ಪಿಸ್ತೂಲ್ ಸುತ್ತುಗಳ (ಪಿಸ್ತೂಲಿಗಷ್ಟೇ ಹಣವಿರುವ, ಪ್ರತಿ ಅರ್ಧದ ಮೊದಲ ಸುತ್ತು) ತೂಕ ಪಂದ್ಯದ ಹದಿನೈದನೆಯ ಒಂದು ಭಾಗದಿಂದ ಹನ್ನೆರಡನೆಯ ಒಂದು ಭಾಗಕ್ಕೆ ಏರಿತು. ಸೋಲಿನ ಹಣ ಮೆಲ್ಲಗೆ ಇಳಿಯುವ ವ್ಯವಸ್ಥೆ ಇಲ್ಲದಿದ್ದರೆ, ಆರಂಭದಲ್ಲಿ ಎಡವಿದ ತಂಡ ಮೇಲೇಳುವುದು ಇನ್ನೂ ಕಷ್ಟವಾಗುತ್ತಿತ್ತು ಎಂದು ನನ್ನ ಅಭಿಪ್ರಾಯ.

ಈ ಹುಡುಕಾಟದಲ್ಲಿ ನನಗೆ ನಾಚಿಕೆ ತಂದ ಸಂಗತಿಯೊಂದು ಸಿಕ್ಕಿತು. 30 ಸುತ್ತುಗಳ ಪದ್ಧತಿ ಹಳೆಯದು, 24ರದು ಹೊಸದು ಎಂದು ನಾವೆಲ್ಲ ನಂಬಿದ್ದೆವು. ಆದರೆ 2000ದ ದಶಕದ ಆರಂಭದ ದೊಡ್ಡ ಪಂದ್ಯಾವಳಿಗಳಲ್ಲಿ ನಡೆಯುತ್ತಿದ್ದದ್ದು 12 ಸುತ್ತುಗಳ ಎರಡು ಅರ್ಧಗಳೇ. 15ರ ಅರ್ಧಗಳು ಆಮೇಲೆ ಬಂದವು. ಇದನ್ನು ಬೆಂಗಳೂರಿನಲ್ಲಿರುವ ಹಿರಿಯರೊಬ್ಬರಿಗೆ ಫೋನಿನಲ್ಲಿ ಹೇಳಿದಾಗ, ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ನಾನು ಆಡಿದ್ದೇ ಹೊಸದು ಅನ್ನು" ಎಂದರು. ಅತಿ ಹಳೆಯ ಆವೃತ್ತಿಗಳಲ್ಲಿ ಗಣ್ಯವ್ಯಕ್ತಿಯೊಬ್ಬನನ್ನು ಕಾಪಾಡಿ ದಾಟಿಸುವ ಮೋಡ್ ಒಂದು, ತಪ್ಪಿಸಿಕೊಂಡು ಹೋಗುವ ಮೋಡ್ ಇನ್ನೊಂದು ಇದ್ದವು. ಅವುಗಳಿಗಾಗಿ ನಮ್ಮಲ್ಲಿ ಯಾರೂ ಅತ್ತವರಿಲ್ಲ. ಕ್ಲಾಸಿಕ್ ಎಂಬುದರ ಗಡಿಯನ್ನು ಪ್ರತಿಯೊಬ್ಬರೂ ತಾವು ಕಾಲೇಜಿನಲ್ಲಿದ್ದ ವರ್ಷಕ್ಕೆ ಎಳೆದುಕೊಂಡಿರುತ್ತಾರೆ.

ಎರಡನೆಯ ಪ್ರಯತ್ನ

ಆದ್ದರಿಂದ ಎರಡನೆಯ ಕರಡಿನಲ್ಲಿ ಆಟಗಳನ್ನು ಕಲಸುವುದನ್ನು ಬಿಟ್ಟೆವು. ಒಂದು ಪಂದ್ಯ 1.6ರಲ್ಲಿ, ಇನ್ನೊಂದು ಸಿಎಸ್ 2ರಲ್ಲಿ, ಎರಡರಲ್ಲೂ 24 ಸುತ್ತು, ಆಯಾ ಆಟದ ನಿಯಮ ಆಯಾ ಆಟಕ್ಕೆ. ಎರಡೂ ಸೇರಿ ಹೆಚ್ಚು ಸುತ್ತು ಗೆದ್ದವರು ವಿಜೇತರು. ಸಿಎಸ್ 2 ಉಚಿತ, ಆದರೆ 1.6 ಇಂದಿಗೂ ವಾಲ್ವ್‌ನ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ನಲ್ಲಿ ಬೇರೆಯಾಗಿ ಮಾರಾಟವಾಗುವುದರಿಂದ ಸೆಂಟರಿನ ಹತ್ತು ಖಾತೆಗಳಿಗೂ ಅದನ್ನು ಕೊಳ್ಳಬೇಕಾಯಿತು. ಅಳಿಸಿದ ತಪ್ಪಿಗೆ ದಂಡವೆಂದು ನನ್ನ ತಮ್ಮನೇ ಆ ಖರ್ಚು ಹೊತ್ತ.

ಕಾಗದದ ಮೇಲೆ ಇದಕ್ಕಿಂತ ನ್ಯಾಯವಾದದ್ದು ಇರಲಾರದು. ಪ್ರಯೋಗದ ಪಂದ್ಯದಲ್ಲಿ 1.6ರ ಭಾಗವನ್ನು ಹಿರಿಯರು 13–2ರಿಂದ ಗೆದ್ದರು, ಸಿಎಸ್ 2ರ ಭಾಗವನ್ನು ಹುಡುಗರು 13–3ರಿಂದ ಗೆದ್ದರು. ಒಟ್ಟು ಲೆಕ್ಕದಲ್ಲಿ ಹಿರಿಯರಿಗೆ 16, ಹುಡುಗರಿಗೆ 15. ಒಂದು ಸುತ್ತಿನ ಅಂತರದ ರೋಚಕ ಪಂದ್ಯವೆಂದು ಹೊರಗಿನವರಿಗೆ ತೋರಬಹುದು, ಆದರೆ ಹಾಲ್‌ನಲ್ಲಿ ಕುಳಿತಿದ್ದವರಿಗೆ ಅದು ಎರಡು ನೀರಸ ಏಕಪಕ್ಷೀಯ ಪಂದ್ಯಗಳು. 1.6ರಲ್ಲಿ ಹುಡುಗರು ಖರೀದಿಗೆಂದು ಬಿ ಕೀ ಒತ್ತಿದರೆ ಅಂಕಿಗಳ ಒಂದು ಪಟ್ಟಿ ತೆರೆಯುತ್ತಿತ್ತು. ಅವರು ಅದನ್ನು ಓದಿ ಮುಗಿಸುವಷ್ಟರಲ್ಲಿ ಹಿರಿಯರು ಕಣ್ಣುಮುಚ್ಚಿ ಮೂರು ಕೀ ಒತ್ತಿ ಓಡಲು ಆರಂಭಿಸಿರುತ್ತಿದ್ದರು. ಆರೇಳು ಸುತ್ತು ಸೋತ ಮೇಲೆ ಹುಡುಗರು ಕುರ್ಚಿಗೆ ಒರಗಿ ಮೊಬೈಲ್ ತೆಗೆದರು. ಸಿಎಸ್ 2ರಲ್ಲಿ ಹಿರಿಯರೂ ಅದನ್ನೇ ಮಾಡಿದರು, ಮೊಬೈಲಿನ ಬದಲು ಕಾಫಿ. ಕೊನೆಗೆ ಹುಡುಗರ ತಂಡದ ನಾಯಕ ಬಂದು, "ಅಣ್ಣ, ನಾವು ಸೋತಿದ್ದೆಲ್ಲಿ ಅಂತ ಹೇಳಿ, ಅದನ್ನ ಪ್ರಾಕ್ಟೀಸ್ ಮಾಡ್ತೀವಿ" ಎಂದು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ಅವನು ಸೋತದ್ದು ತಾನು ಗೆದ್ದ ಸಿಎಸ್ 2ರಲ್ಲಿ ಎರಡರ ಬದಲು ಮೂರು ಸುತ್ತು ಬಿಟ್ಟುಕೊಟ್ಟದ್ದರಿಂದ.

ಮೂರನೆಯ ಪ್ರಯತ್ನ: ನಿಯಮವಲ್ಲ, ತಂಡದ ಪಟ್ಟಿ

ಆಟಗಳ ನಡುವಿನ ಸಮತೋಲವನ್ನು ಹುಡುಕುತ್ತಿದ್ದುದೇ ತಪ್ಪೆಂದು ನಮಗೆ ಆಗ ಕಂಡಿತು. ಆಟಗಳೆರಡೂ ತಮ್ಮೊಳಗೆ ಸರಿಯಾಗಿಯೇ ಇದ್ದವು, ಸರಿಯಿಲ್ಲದ್ದು ಕುಳಿತವರ ಹಂಚಿಕೆ. ಎರಡು ಭಾಗಗಳ ಪಂದ್ಯವನ್ನು ಹಾಗೆಯೇ ಉಳಿಸಿಕೊಂಡು, ಪ್ರತಿ ತಂಡದಲ್ಲೂ ಇಬ್ಬರು ಹಿರಿಯರು ಮತ್ತು ಮೂವರು ಹುಡುಗರು ಇರಲೇಬೇಕೆಂದು ಬರೆದೆವು. ನಾಲ್ಕು ತಂಡ, ಇಪ್ಪತ್ತು ಜನ, ಎರಡು ಸೆಮಿಫೈನಲ್, ಒಂದು ಫೈನಲ್. ಸುತ್ತುಗಳ ಒಟ್ಟು ಲೆಕ್ಕವನ್ನು ಕೈಬಿಟ್ಟು, ಒಂದೊಂದು ಭಾಗ ಒಂದೊಂದು ತಂಡ ಗೆದ್ದರೆ ಸಿಎಸ್ 2ರ ಆರ್ಮ್ಸ್ ರೇಸ್‌ನಲ್ಲಿ ನಿರ್ಣಯ ಎಂದೆವು. ಆ ಮೋಡ್ ಆಯ್ದುದಕ್ಕೆ ಕಾರಣವಿತ್ತು: ಕೊಂದಂತೆಲ್ಲ ಬಂದೂಕು ಬದಲಾಗುತ್ತ ಕೊನೆಗೆ ಚಾಕುವಿಗೆ ಮುಗಿಯುವ ಈ ಆಟ, ಹಳೆಯ ಸರ್ವರುಗಳಲ್ಲಿ ಆಟಗಾರರೇ ಕಟ್ಟಿಕೊಂಡಿದ್ದ ಗನ್‌ಗೇಮ್ ಎಂಬ ಮಾಡ್‌ನಿಂದ ಬಂದದ್ದು. ಹಿರಿಯರಿಗೆ ಅದು ಗೊತ್ತಿದ್ದ ಆಟ, ಹುಡುಗರಿಗೆ ಗೊತ್ತಿದ್ದ ಎಂಜಿನ್. ಹಣವಿಲ್ಲ, ಖರೀದಿಯಿಲ್ಲ, ಆದ್ದರಿಂದ ಯಾರ ಅರ್ಥಶಾಸ್ತ್ರ ಸರಿ ಎಂಬ ಜಗಳವೂ ಇಲ್ಲ.

ಸಿಸ್ಟಂಗಳ ತೊಡಕು ಬೇರೆಯೇ ಇತ್ತು. ಹತ್ತರಲ್ಲಿ ನಾಲ್ಕು ಹಳೆಯವು, 1.6 ಅವುಗಳಲ್ಲಿ ನೀರು ಕುಡಿದಂತೆ ನಡೆಯುತ್ತಿತ್ತು, ಆದರೆ ಸಿಎಸ್ 2ರಲ್ಲಿ ಹೊಗೆಯ ಗ್ರೆನೇಡ್ ಹಾಕಿದೊಡನೆ ಫ್ರೇಮ್ ಬಿದ್ದು ಆಟ ತಡವರಿಸುತ್ತಿತ್ತು. ಪ್ರತಿ ತಂಡಕ್ಕೂ ಎರಡು ಹಳೆಯವು, ಮೂರು ಹೊಸವು ಎಂದು ಹಂಚಿದೆವು. ಹಳೆಯ ಸಿಸ್ಟಂಗಳಲ್ಲಿ ತಮ್ಮ ತಂಡದ ಯಾರು ಕೂರಬೇಕೆಂಬುದನ್ನು ತಂಡಗಳಿಗೇ ಬಿಟ್ಟೆವು, ಮತ್ತು ನಾಲ್ಕೂ ತಂಡಗಳು ಹಿರಿಯರನ್ನೇ ಅಲ್ಲಿ ಕೂರಿಸಿದವು ಎಂಬುದನ್ನು ಇಲ್ಲಿ ದಾಖಲಿಸುವುದು ನನ್ನ ಕರ್ತವ್ಯ.

ಹಬ್ಬದ ದಿನ ಒಂದು ತಂಡದ ಇಬ್ಬರು ಹಿರಿಯರು ಹಾಸನಾಂಬೆಯ ಧರ್ಮದರ್ಶನದ ಸಾಲಿನಲ್ಲಿ ಸಿಕ್ಕಿಕೊಂಡು ಮೂರು ಗಂಟೆ ತಡವಾಗಿ ಬಂದರು. ಅದೊಂದನ್ನು ಬಿಟ್ಟರೆ ವೇಳಾಪಟ್ಟಿ ಕೆಡಲಿಲ್ಲ. ಈ ಪ್ರಕರಣದಲ್ಲಿ ನಾನು ಕಲಿತದ್ದರಲ್ಲಿ ಮುಖ್ಯವಾದದ್ದು ಫೈನಲಿನಲ್ಲಿ, ಒಂದೇ ಬೆಂಚಿನಲ್ಲಿ ಕುಳಿತ ಇಬ್ಬರ ನಡುವೆ ನಡೆಯಿತು. 1.6ರ ಭಾಗದಲ್ಲಿ ಬಿ ಸೈಟ್ ಕಾಯುತ್ತಿದ್ದ ಹಿರಿಯರು ಪಕ್ಕದ ಹುಡುಗನಿಗೆ, "ಮಗಾ, ಗೋಡೆಗೇ ಹೊಡಿ, ಆಚೆ ಬರ್ತಿದಾರೆ" ಎಂದರು. "ಕಾಣ್ತಿಲ್ವಲ್ಲಣ್ಣ?" "ಕಾಣೋದು ಬೇಡ, ಹೊಡಿ." ಹುಡುಗ ಅರ್ಧ ಮ್ಯಾಗಜೀನ್ ಗೋಡೆಗೆ ಖಾಲಿ ಮಾಡಿದ, ಪರದೆಯ ಮೇಲಿನ ಮೂಲೆಯಲ್ಲಿ ಅವನ ಹೆಸರಿನ ಮುಂದೆ ಎದುರಾಳಿಯೊಬ್ಬನ ಸಾವು ದಾಖಲಾಯಿತು. 1.6ರಲ್ಲಿ ರೈಫಲ್ಲಿನ ಗುಂಡು ಇಂದಿನ ಆಟಕ್ಕಿಂತ ಎಷ್ಟೋ ಹೆಚ್ಚು ಗೋಡೆಗಳನ್ನು ತೂರುತ್ತದೆ, ಆ ಭಯದಿಂದಲೇ ಅಲ್ಲಿ ನುಗ್ಗುವವರು ತಡೆದು ನಿಲ್ಲುತ್ತಾರೆ. ಮುಕ್ಕಾಲು ಗಂಟೆಯ ನಂತರ, ಸಿಎಸ್ 2ರ ಭಾಗದಲ್ಲಿ, ಅದೇ ಬಿ ಸೈಟಿನಲ್ಲಿ ಅದೇ ಹುಡುಗ ಹೇಳಿದ: "ಅಣ್ಣ, ನೀವು ಸುಮ್ನೆ ಅಲ್ಲೇ ನಿಂತಿರಿ. ಬಾಗಿಲಿಗೆ ಬೆಂಕಿ ನಾನು ಹಾಕ್ತೀನಿ, ಆರೋವರೆಗೂ ಒಬ್ಬನೂ ಬರಲ್ಲ." ಕೆಲವೇ ಸೆಕೆಂಡು ಉರಿಯುವ ಆ ಬೆಂಕಿ ಮಾಡುತ್ತಿದ್ದ ಕೆಲಸ, 1.6ರಲ್ಲಿ ಗೋಡೆ ತೂರುವ ಗುಂಡು ಮಾಡುತ್ತಿದ್ದ ಕೆಲಸವೇ. ಮೊದಲ ಪ್ರಯೋಗದಲ್ಲಿ ನಾನು ಹಳೆಯತನದ ಹೆಸರಿನಲ್ಲಿ ಬೆಂಕಿಯನ್ನು ತೆಗೆದೆ, ಆದರೆ ಗೋಡೆ ತೂರುವ ಗುಂಡನ್ನು ತಂದುಕೊಡಲಿಲ್ಲ, ಕೊಡಲು ಸಾಧ್ಯವೂ ಇರಲಿಲ್ಲ. ಅಂದಿನ 12–3ರ ಎರಡು ಅರ್ಧಗಳಿಗೆ ಕಾರಣ ಇದೇ ಎಂದು ಆ ಬೆಂಚಿನ ಹಿಂದೆ ನಿಂತಿದ್ದಾಗ ನನಗೆ ತಿಳಿಯಿತು.

ಅಂಕಗಳ ಮಟ್ಟಿಗೆ ಹೇಳುವುದಾದರೆ, ಫೈನಲಿನ 1.6ರ ಭಾಗ 13–10ಕ್ಕೂ ಸಿಎಸ್ 2ರ ಭಾಗ 13–11ಕ್ಕೂ ಮುಗಿದವು, ಎರಡನ್ನೂ ಬೇರೆ ಬೇರೆ ತಂಡಗಳು ಗೆದ್ದವು, ಆರ್ಮ್ಸ್ ರೇಸ್‌ನಲ್ಲಿ ಸಕಲೇಶಪುರದ ಹಿರಿಯರು ಕೊನೆಯ ಚಾಕುವಿನವರೆಗೂ ಬಂದು, ಹಿಂದಿನಿಂದ ಬಂದ ಎರಡನೆಯ ಸೆಮಿಸ್ಟರಿನ ಹುಡುಗನೊಬ್ಬನ ಚಾಕುವಿಗೆ ಬಿದ್ದರು. ಈ ವ್ಯವಸ್ಥೆಗೂ ದೋಷಗಳಿವೆ. ಹಿರಿಯರು ಹಬ್ಬಕ್ಕೆ ಮಾತ್ರ ಬರುವವರಾದ್ದರಿಂದ ಮಿಶ್ರ ತಂಡಗಳನ್ನು ವರ್ಷವಿಡೀ ನಡೆಸಲಾಗದು. ತಂಡವೊಂದು ಪೂರ್ಣ ತನ್ನದೇ ಸ್ನೇಹಿತರಿಂದ ಕೂಡಿರಬೇಕೆಂದು ಬಯಸಿದ ಮೂವರು ಹುಡುಗರು ಹೆಸರು ಹಿಂತೆಗೆದುಕೊಂಡರು, ಅವರ ಮಾತಿನಲ್ಲಿ ತಪ್ಪಿದೆ ಎಂದು ನನಗೆ ಅನ್ನಿಸುವುದಿಲ್ಲ. ನಿರ್ಣಾಯಕಕ್ಕೆ ಹೊಸ ಎಂಜಿನ್‌ನ ಮೋಡನ್ನೇ ಆಯ್ದದ್ದರಿಂದ ಹುಡುಗರಿಗೆ ಕೂದಲೆಳೆಯ ಅನುಕೂಲವಾಯಿತೆಂಬ ತಕರಾರೂ ನಿಂತೇ ಇದೆ; ಮುಂದಿನ ಸಲ ನಿರ್ಣಾಯಕ ಯಾವ ಆಟದಲ್ಲಿ ಎಂಬುದನ್ನು ನಾಣ್ಯ ಚಿಮ್ಮಿಸಿ ನಿರ್ಧರಿಸಬೇಕು ಎಂದು ಹಿರಿಯರು, ಹಾಗಾದರೆ 1.6ರ ಖರೀದಿ ಪಟ್ಟಿಯನ್ನು ಬರೆದು ಗೋಡೆಗೆ ಅಂಟಿಸಬೇಕು ಎಂದು ಹುಡುಗರು ಷರತ್ತು ಹಾಕಿದ್ದಾರೆ. ಹತ್ತೂ ಸಿಸ್ಟಂಗಳಲ್ಲಿ ಈಗ ಎರಡೂ ಐಕಾನ್‌ಗಳಿವೆ, ಪಟ್ಟಿಯನ್ನು ಇನ್ನೂ ಯಾರೂ ಬರೆದಿಲ್ಲ.